ಓದಿಗೆ ಮೊದಲೇ ಬಂದ ವಿಮರ್ಶೆ

ನಮ್ಮ ಪದವಿ ಕಾಲೇಜುಗಳಲ್ಲಿ ಐಚ್ಛಿಕ ಇಂಗ್ಲಿಷ್ ಓದುವ ವಿದ್ಯಾರ್ಥಿಗಳನ್ನು ಅರಿಸ್ಟಾಟಲನ ಕೆಥಾರ್ಸಿಸ್ ಬಗ್ಗೆ ಕೇಳಿದರೆ ಎರಡು ಪುಟ ತಡವರಿಸದೆ ಬರೆದುಕೊಡುತ್ತಾರೆ. ಕೋಲ್ರಿಜ್ ಕಲ್ಪನೆಯನ್ನು ಹೇಗೆ ವಿಂಗಡಿಸಿದ, ವರ್ಡ್ಸ್‌ವರ್ತ್ ಕಾವ್ಯಭಾಷೆಯ ಬಗ್ಗೆ ಏನು ಹೇಳಿದ ಎಂಬುದೂ ಅವರಿಗೆ ಗೊತ್ತು. ಅದೇ ವಿದ್ಯಾರ್ಥಿಗಳ ಮುಂದೆ ಕವಿಯ ಹೆಸರಿಲ್ಲದ ಹದಿನೈದು ಸಾಲಿನ ಪದ್ಯವೊಂದನ್ನು ಇಟ್ಟು, ‘ಇಲ್ಲಿ ಏನು ನಡೀತಾ ಇದೆ, ಹೇಳಿ’ ಎಂದರೆ ತರಗತಿ ಸ್ತಬ್ಧವಾಗುತ್ತದೆ. ಬುದ್ಧಿ ಕಡಿಮೆಯಾಗಿ ಹೀಗಾಗುವುದಲ್ಲ. ಕೃತಿಯ ಮುಖ ನೋಡುವ ಮೊದಲೇ ಅದರ ಬಗೆಗಿನ ತೀರ್ಪನ್ನು ಅವರ ಕೈಗೆ ಕೊಟ್ಟುಬಿಡುತ್ತೇವೆ. ತೀರ್ಪು ಸಿಕ್ಕವರಿಗೆ ವಿಚಾರಣೆ ಯಾಕೆ ಬೇಕು?

ಇಂಗ್ಲಿಷ್ ವಿದ್ಯಾರ್ಥಿಗೆ ಸಾಹಿತ್ಯವನ್ನು ಹೇಗೆ ಕಲಿಸಬೇಕು, ವಿಮರ್ಶೆಯನ್ನು ಯಾವಾಗ ಮತ್ತು ಯಾವ ರೂಪದಲ್ಲಿ ತರಬೇಕು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ಬಂದಿವೆ. ಪ್ರತಿಯೊಂದೂ ಏನೋ ಒಂದನ್ನು ಗಳಿಸಿಕೊಟ್ಟು, ಇನ್ನೇನನ್ನೋ ಕಳೆದಿದೆ. ಆ ಲೆಕ್ಕವನ್ನು ಒಮ್ಮೆ ಒಟ್ಟಾಗಿ ನೋಡಿದರೆ ಈಗ ನಮ್ಮ ತರಗತಿಗಳಲ್ಲಿ ಆಗಬೇಕಾದದ್ದು ಸ್ಪಷ್ಟವಾಗುತ್ತದೆ.

ಮೊದಲ ತರಗತಿಗಳು

ಇಂಗ್ಲಿಷ್ ಸಾಹಿತ್ಯ ಒಂದು ಪಠ್ಯವಿಷಯವಾಗಿ ಬೆಳೆದದ್ದರಲ್ಲಿ ಭಾರತದ ಪಾಲು ದೊಡ್ಡದು. ಮೆಕಾಲೆಯ ಟಿಪ್ಪಣಿ 1835ರದು. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಅಧ್ಯಯನ ವಿಭಾಗ ಬಂದದ್ದು 1894ರಲ್ಲಿ, ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಟ್ರೈಪಾಸ್ ಶುರುವಾದದ್ದು 1917ರಲ್ಲಿ. ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳು ಇದೊಂದು ವಿಷಯವೇ ಎಂದು ಅನುಮಾನಿಸುತ್ತಿದ್ದಾಗ ಇಲ್ಲಿನ ಹುಡುಗರು ಮಿಲ್ಟನ್, ಶೇಕ್ಸ್‌ಪಿಯರ್ ಓದಿ ಪರೀಕ್ಷೆ ಬರೆಯುತ್ತಿದ್ದರು.

ಗೌರಿ ವಿಶ್ವನಾಥನ್ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ (1989) ಗ್ರಂಥದಲ್ಲಿ ಇದರ ಕಾರಣವನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕಾಗಿದ್ದ ಕಂಪನಿ ಆಡಳಿತಕ್ಕೆ ಬೈಬಲ್ಲನ್ನು ನೇರವಾಗಿ ಪಾಠ ಮಾಡಿಸುವಂತಿರಲಿಲ್ಲ. ಪ್ರಜೆಗಳ ನಡತೆ ತಿದ್ದುವ ಕೆಲಸವನ್ನು ಸಾಹಿತ್ಯಕ್ಕೆ ವಹಿಸಲಾಯಿತು. ಬೋಧನೆಯ ಮಟ್ಟಿಗೆ ಇದರ ಪರಿಣಾಮ ಬಹಳ ಕಾಲ ಉಳಿಯಿತು. ಕೃತಿಯೇ ಒಳ್ಳೆಯದರ ಭಂಡಾರ ಎಂದಾದ ಮೇಲೆ ವಿದ್ಯಾರ್ಥಿಯ ಕೆಲಸ ಅದನ್ನು ಒಪ್ಪಿಕೊಳ್ಳುವುದು, ಮೆಚ್ಚುವುದು. ವಿಮರ್ಶೆಯೆಂದರೆ ಕಲಿತ ಮಾತುಗಳಲ್ಲಿ ಮಾಡುವ ಪ್ರಶಂಸೆ. ಕವಿಯ ಜೀವನ, ಯುಗದ ಲಕ್ಷಣ, ಪದ್ಯದ ಸಾರಾಂಶ, ಕೊನೆಗೆ ಗುಣಗಾನ ಎಂಬ ನಾಲ್ಕು ಮೆಟ್ಟಿಲಿನ ಉತ್ತರ ಆಗ ರೂಪುಗೊಂಡದ್ದು. ಇಂದಿಗೂ ನಮ್ಮ ಉತ್ತರಪತ್ರಿಕೆಗಳಲ್ಲಿ ಅದು ಕಾಣಿಸುತ್ತದೆ.

ಆದರೆ ನಮ್ಮ ನಾಡಿನ ಒಳ್ಳೆಯ ಓದುಗರು ಆ ಚೌಕಟ್ಟಿನೊಳಗೆ ಕೂತಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಯನ್ನು ಮೆಚ್ಚಿ ಸುಮ್ಮನಾಗಲಿಲ್ಲ. ಅದರ ಲಯ ಕನ್ನಡದಲ್ಲಿ ಹೇಗೆ ನಿಂತೀತು ಎಂದು ಪರೀಕ್ಷಿಸಿ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಅನುವಾದ ಅವರಿಗೆ ಅತ್ಯಂತ ನಿಕಟವಾದ ವಿಮರ್ಶೆಯಾಗಿತ್ತು. ಆಮೇಲೆ ಗೋಕಾಕ, ಅಡಿಗ, ಎ.ಕೆ. ರಾಮಾನುಜನ್, ಅನಂತಮೂರ್ತಿ, ಶಾಂತಿನಾಥ ದೇಸಾಯಿ, ಲಂಕೇಶ್ ಹೀಗೆ ಇಂಗ್ಲಿಷ್ ಮೇಷ್ಟರುಗಳ ಒಂದು ದೊಡ್ಡ ಸಾಲೇ ಕನ್ನಡ ಸಾಹಿತ್ಯದ ದಿಕ್ಕನ್ನು ಬದಲಿಸಿತು. ತರಗತಿಯಲ್ಲಿ ಓದಿದ್ದನ್ನು ಅವರು ತಮ್ಮ ಭಾಷೆಯೊಳಗೆ ತಂದು ಜಗಳವಾಡಿದರು. ಇಂಗ್ಲಿಷ್ ಬೋಧನೆ ಈ ನಾಡಿನಲ್ಲಿ ಫಲ ಕೊಟ್ಟದ್ದು ಹಾಗೆ ಜಗಳವಾಡಿದ ಕಡೆಗಳಲ್ಲೇ.

ಕೇಂಬ್ರಿಜ್‌ನಿಂದ ಮೈಸೂರಿಗೆ

ಗುಣಗಾನದ ಪದ್ಧತಿಗೆ ದೊಡ್ಡ ಪೆಟ್ಟು ಕೊಟ್ಟವರು ಐ.ಎ. ರಿಚರ್ಡ್ಸ್. ಕೇಂಬ್ರಿಜ್‌ನಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಪದ್ಯಗಳನ್ನು ಹಂಚಿ, ಅನ್ನಿಸಿದ್ದನ್ನು ಬರೆದುಕೊಡಿ ಎಂದರು. ಹದಿಮೂರು ಪದ್ಯಗಳಿಗೆ ಬಂದ ಪ್ರತಿಕ್ರಿಯೆಗಳನ್ನು ವಿಶ್ಲೇಷಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದರು. ಅದರಲ್ಲಿ ಕಂಡದ್ದು ಆಘಾತಕಾರಿಯಾಗಿತ್ತು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳ, ಒಳ್ಳೆಯ ಶಾಲೆಗಳಲ್ಲಿ ಕಲಿತ ಮಕ್ಕಳಿಗೂ ಪದ್ಯದ ನೇರ ಅರ್ಥವೇ ತಪ್ಪುತ್ತಿತ್ತು. ಸಿದ್ಧ ಭಾವನೆಗಳು, ಮುಂಚೆಯೇ ಕಟ್ಟಿಕೊಂಡ ನಂಬಿಕೆಗಳು ಕಣ್ಣಿಗೆ ಅಡ್ಡ ಬರುತ್ತಿದ್ದವು. ಕವಿಯ ಹೆಸರು ಗೊತ್ತಿಲ್ಲದಾಗ ಹೆಸರಾಂತ ಕವಿಯನ್ನು ತಿರಸ್ಕರಿಸಿ ಸಾಧಾರಣ ಪದ್ಯವನ್ನು ಎತ್ತಿಹಿಡಿದವರೂ ಇದ್ದರು. ಓದು ತಾನಾಗಿ ಬರುವುದಿಲ್ಲ, ಅದನ್ನು ಕಲಿಸಬೇಕಾಗುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿತು. ಅರ್ಥ, ಭಾವ, ದನಿ, ಉದ್ದೇಶ ಎಂದು ರಿಚರ್ಡ್ಸ್ ಮಾಡಿದ ನಾಲ್ಕು ವಿಂಗಡಣೆ ಇಂದಿಗೂ ತರಗತಿಯಲ್ಲಿ ಕೆಲಸಕ್ಕೆ ಬರುತ್ತದೆ.

ಎಂಪ್ಸನ್, ಲೀವಿಸ್, ಅಮೆರಿಕದಲ್ಲಿ ಬ್ರೂಕ್ಸ್ ಮತ್ತು ವಾರೆನ್ ಈ ಮಾರ್ಗವನ್ನು ಬೆಳೆಸಿದರು. ಕೇಂಬ್ರಿಜ್‌ನಲ್ಲಿ ಲೀವಿಸ್ ಅವರ ಪ್ರಭಾವಕ್ಕೆ ಒಳಗಾಗಿ ಬಂದ ಸಿ.ಡಿ. ನರಸಿಂಹಯ್ಯನವರು ಅದನ್ನು ಮೈಸೂರಿಗೆ ತಂದರು. 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ, 1979ರಲ್ಲಿ ‘ಧ್ವನ್ಯಾಲೋಕ’ ಸಂಸ್ಥೆ ಅವರಿಂದ ರೂಪುಗೊಂಡವು. ಭಾರತೀಯ ಇಂಗ್ಲಿಷ್ ಬರವಣಿಗೆ, ಅಮೆರಿಕನ್ ಸಾಹಿತ್ಯ, ಕಾಮನ್‌ವೆಲ್ತ್ ಸಾಹಿತ್ಯ ಇವುಗಳಿಗೆ ತರಗತಿಯ ಬಾಗಿಲು ತೆರೆಯಲು ಅವರು ಪಟ್ಟ ಶ್ರಮ ದೊಡ್ಡದು. ಲೀವಿಸ್‌ರ ಶಿಷ್ಯ ತಾನು ಕಟ್ಟಿದ ಸಂಸ್ಥೆಗೆ ಆನಂದವರ್ಧನನ ಗ್ರಂಥದ ಹೆಸರಿಟ್ಟದ್ದರಲ್ಲಿ ಒಂದು ಇಡೀ ಕಾರ್ಯಕ್ರಮವೇ ಅಡಗಿದೆ.

ಈ ಮಾರ್ಗ ಕಳೆದದ್ದೇನು? ಪುಟದ ಮೇಲಿನ ಪದಗಳಿಗೆ ಕಟ್ಟುಬಿದ್ದು, ಆ ಪದಗಳನ್ನು ಯಾರು, ಯಾವ ಅಧಿಕಾರದಿಂದ ಬರೆದರು ಎಂಬ ಪ್ರಶ್ನೆಯನ್ನು ಅದು ಬಾಗಿಲ ಹೊರಗೆ ನಿಲ್ಲಿಸಿತು. ಯಾವುದು ಶ್ರೇಷ್ಠ ಎಂಬುದನ್ನು ನುರಿತ ಓದುಗನೇ ಬಲ್ಲ ಎಂದಾಗ, ಆ ನುರಿತ ಓದುಗ ಯಾವ ಕುಲದ, ಯಾವ ವರ್ಗದ ಮನುಷ್ಯ ಎಂದು ಕೇಳುವವರು ಬರಲೇಬೇಕಿತ್ತು. ಅವರು ಬಂದರು.

ಭಾಷೆಯ ತಕರಾರು

ಅದಕ್ಕೂ ಮೊದಲು ಬೇರೊಂದು ದಿಕ್ಕಿನಿಂದ ತಕರಾರು ಎದ್ದಿತು. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, 1963ರಲ್ಲಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸ್ಥಾಪನೆಯಾದವು. ಒಂದು ವಾಕ್ಯ ಸರಿಯಾಗಿ ಬರೆಯಲು ಬಾರದವರಿಗೆ ಕೀಟ್ಸ್ ಪಾಠ ಮಾಡಿ ಏನು ಪ್ರಯೋಜನ ಎಂದು ಭಾಷಾ ಬೋಧಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹುಡುಗಿಗೆ ನೇರವಾಗಿ ‘ಪ್ಯಾರಡೈಸ್ ಲಾಸ್ಟ್’ ಕೊಡುವುದು ಪಾಠವಾಗುವುದಿಲ್ಲ.

ಆದರೆ ಉತ್ತರವಾಗಿ ಬಂದ ಪಠ್ಯಗಳು ಭಾಷೆಯನ್ನು ಅರ್ಜಿ ಬರೆಯುವ, ಸಂದರ್ಶನ ಎದುರಿಸುವ ಮಟ್ಟಕ್ಕೆ ಇಳಿಸಿದವು. ಹೆನ್ರಿ ವಿಡೋಸನ್ 1975ರಲ್ಲಿ ತಮ್ಮ ಶೈಲಿಶಾಸ್ತ್ರದ ಪುಸ್ತಕದಲ್ಲಿ ಎರಡರ ನಡುವೆ ಸೇತುವೆ ತೋರಿಸಿದ್ದರು. ಸಾಹಿತ್ಯ ಕೃತಿಯ ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸುತ್ತ ಭಾಷೆಯನ್ನೂ ಕಲಿಯಬಹುದು, ಸಾಹಿತ್ಯವನ್ನೂ ಕಲಿಯಬಹುದು ಎಂಬುದು ಅವರ ವಾದದ ಸಾರ. ಒಂದು ಕಥೆಯಲ್ಲಿ ಲೇಖಕ ಯಾಕೆ ಭೂತಕಾಲ ಬಿಟ್ಟು ವರ್ತಮಾನಕ್ಕೆ ಬಂದ ಎಂದು ಕೇಳಿದಾಗ ವ್ಯಾಕರಣವೂ ವಿಮರ್ಶೆಯೂ ಒಂದೇ ಪ್ರಶ್ನೆಯಲ್ಲಿ ಸೇರುತ್ತವೆ. ನಮ್ಮಲ್ಲಿ ಕಡ್ಡಾಯ ಇಂಗ್ಲಿಷ್ ಒಂದು ಕಡೆ, ಐಚ್ಛಿಕ ಇಂಗ್ಲಿಷ್ ಇನ್ನೊಂದು ಕಡೆ ಎಂದು ಬೇಲಿ ಹಾಕಿಕೊಂಡ ಕಾರಣ ಆ ಸೇತುವೆಯನ್ನು ಬಳಸಿದವರು ಕಡಿಮೆ.

ಸಿದ್ಧಾಂತಗಳ ಕಾಲ

1968ರಲ್ಲಿ ನೈರೋಬಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಗೂಗಿ ವಾ ಥಿಯಾಂಗೊ, ಟಾಬಾನ್ ಲೊ ಲಿಯಾಂಗ್, ಹೆನ್ರಿ ಒವುವೋರ್ ಅನ್ಯುಂಬಾ ಮೂವರೂ ಸೇರಿ ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಬೇಕೆಂದು ಬರೆದರು. ಅವರ ಬೇಡಿಕೆ ಓದುವುದನ್ನು ನಿಲ್ಲಿಸಬೇಕೆಂದಲ್ಲ, ಆಫ್ರಿಕವನ್ನು ಕೇಂದ್ರದಲ್ಲಿಟ್ಟು ಉಳಿದದ್ದನ್ನು ಅದರ ಸುತ್ತ ಓದಬೇಕೆಂದು. 1975ರಲ್ಲಿ ಚಿನುವ ಅಚೆಬೆ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಮೇಲೆ ಮಾಡಿದ ಉಪನ್ಯಾಸ, 1978ರಲ್ಲಿ ಎಡ್ವರ್ಡ್ ಸೈದ್ ಅವರ ‘ಓರಿಯೆಂಟಲಿಸಂ’ ಈ ವಾದವನ್ನು ಜಗತ್ತಿನ ತುಂಬ ಹರಡಿದವು. ನಮ್ಮ ದೇಶದಲ್ಲಿ ಸ್ವಾತಿ ಜೋಶಿ ಸಂಪಾದಿಸಿದ ‘ರೀಥಿಂಕಿಂಗ್ ಇಂಗ್ಲಿಷ್’ (1991), ರಾಜೇಶ್ವರಿ ಸುಂದರ್‌ರಾಜನ್ ಸಂಪಾದಿಸಿದ ‘ದಿ ಲೈ ಆಫ್ ದಿ ಲ್ಯಾಂಡ್’ (1992), ಗಣೇಶ ದೇವಿ ಅವರ ‘ಆಫ್ಟರ್ ಅಮ್ನೇಷಿಯಾ’ (1992) ಒಂದರ ಹಿಂದೊಂದು ಬಂದವು. ಸ್ತ್ರೀವಾದ, ದಲಿತ ಚಿಂತನೆ, ಅನುವಾದ ಅಧ್ಯಯನ ಪಠ್ಯಕ್ರಮದೊಳಗೆ ಕಾಲಿಟ್ಟವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇಂಗ್ಲಿಷಿಗೆ ಹೋದಾಗ, ರಾಮಾನುಜನ್ನರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ (1973) ತರಗತಿಗೆ ಬಂದಾಗ, ನಮ್ಮ ಮಕ್ಕಳಿಗೆ ತಮ್ಮ ಬದುಕು ಕೂಡ ಅಧ್ಯಯನದ ವಸ್ತು ಎಂದು ಗೊತ್ತಾಯಿತು. ಈ ಲಾಭವನ್ನು ಎಂದಿಗೂ ಬಿಟ್ಟುಕೊಡಬಾರದು.

ಕಷ್ಟ ಬಂದದ್ದು ಬೋಧನೆಯಲ್ಲಿ. ಪ್ರತಿಭಟನೆಯಾಗಿ ಹುಟ್ಟಿದ ಸಿದ್ಧಾಂತಗಳು ನಮ್ಮ ಎಂ.ಎ. ತರಗತಿಗೆ ಬರುವಷ್ಟರಲ್ಲಿ ಘಟಕ ಒಂದು, ಘಟಕ ಎರಡು ಆದವು. ರಚನಾವಾದಕ್ಕೆ ಎಂಟು ಗಂಟೆ, ವಿರಚನೆಗೆ ಎಂಟು ಗಂಟೆ, ವಸಾಹತೋತ್ತರ ಚಿಂತನೆಗೆ ಎಂಟು ಗಂಟೆ. ಹಿಂದಿನ ತಲೆಮಾರು ಬಿ. ಪ್ರಸಾದ್ ಮತ್ತು ಹಡ್ಸನ್ ಅವರ ಪುಸ್ತಕಗಳಿಂದ ಪ್ಲೇಟೋ, ಲಾಂಜೈನಸ್, ಡ್ರೈಡನ್ನರನ್ನು ಉರುಹೊಡೆದಂತೆ ಹೊಸ ತಲೆಮಾರು ಪೀಟರ್ ಬ್ಯಾರಿಯಿಂದ ಡೆರಿಡಾ, ಫುಕೋ, ಸ್ಪಿವಾಕ್‌ರನ್ನು ಉರುಹೊಡೆಯಿತು. ಬ್ಯಾರಿಯ ಪುಸ್ತಕ ಒಳ್ಳೆಯ ಪ್ರವೇಶಿಕೆ. ಅದರೊಳಗೆ ಹೋದವರು ಮೂಲ ಕೃತಿಗೆ ಹೊರಬರಲಿಲ್ಲ ಎಂಬುದು ದೂರು. ಅಚೆಬೆ ಕಾನ್ರಾಡ್‌ನನ್ನು ಜನಾಂಗದ್ವೇಷಿ ಎಂದ ಎಂಬ ವಾಕ್ಯ ಎಲ್ಲರಿಗೂ ಬರುತ್ತದೆ. ಕಾದಂಬರಿಯ ಯಾವ ಭಾಗ ಹಿಡಿದು ಹಾಗೆಂದ, ಅದನ್ನು ಒಪ್ಪದವರು ಯಾವ ಭಾಗ ತೋರಿಸುತ್ತಾರೆ ಎಂದು ಹೇಳಬಲ್ಲವರು ವಿರಳ. ಅಮೆರಿಕದ ಜೆರಾಲ್ಡ್ ಗ್ರಾಫ್ ಇದಕ್ಕೆ ಕೊಟ್ಟ ಸಲಹೆ ಸರಳವಾದದ್ದು: ಜಗಳದ ಫಲಿತಾಂಶವನ್ನು ಕಲಿಸುವ ಬದಲು ಜಗಳವನ್ನೇ ತರಗತಿಗೆ ತನ್ನಿ. ಕಾನ್ರಾಡ್ ಮತ್ತು ಅಚೆಬೆಯನ್ನು ಪಕ್ಕಪಕ್ಕದಲ್ಲಿಟ್ಟು ಓದಿಸಿ, ವಿದ್ಯಾರ್ಥಿಗೆ ಪಕ್ಷ ವಹಿಸಲು ಬಿಡಿ.

ಎಲ್ಲವನ್ನೂ ಸಮ ಮಾಡುವ ಪರೀಕ್ಷೆ

ಇಷ್ಟು ಬೇರೆಬೇರೆ ಮಾರ್ಗಗಳು ಬಂದುಹೋದರೂ ತರಗತಿ ಹಾಗೇ ಉಳಿದದ್ದಕ್ಕೆ ಪರೀಕ್ಷೆಯೇ ಮುಖ್ಯ ಕಾರಣ. ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪಠ್ಯ ಎರಡು ಸಲ ಬದಲಾಯಿತು. ಪ್ರಶ್ನೆ ಕೇಳುವ ರೀತಿ ಮಾತ್ರ ಹೆಚ್ಚು ಕದಲಲಿಲ್ಲ. ಹತ್ತು ಅಂಕದ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿದೆ, ಐದು ಅಂಕದ ಟಿಪ್ಪಣಿಗೂ ಇದೆ. ಮೂಲ ಪದ್ಯವನ್ನು ಒಮ್ಮೆಯೂ ಓದದೆ ಪಾಸಾಗಬಹುದು ಎಂದ ಮೇಲೆ, ನೂರು ಕೆಲಸದ ನಡುವೆ ಓದುವ ಬಡ ಮಕ್ಕಳು ಓದದೆ ಇರುವುದು ಅಪರಾಧವೇನಲ್ಲ. ಅದು ನಾವು ಮಾಡಿಟ್ಟ ದಾರಿ.

ಮೇಲಿನ ಹಂತದಲ್ಲೂ ಇದೇ ಕಥೆ. ಅಧ್ಯಾಪಕರಾಗಲು ಬರೆಯಬೇಕಾದ ಯುಜಿಸಿ ನೆಟ್ ಪರೀಕ್ಷೆ 2012ರಿಂದ ಪೂರ್ತಿಯಾಗಿ ಬಹು ಆಯ್ಕೆಯ ಪ್ರಶ್ನೆಗಳದು. ಯಾವ ಗ್ರಂಥ ಯಾವ ಇಸವಿಯಲ್ಲಿ ಬಂತು, ಯಾವ ಪರಿಕಲ್ಪನೆ ಯಾರದು ಎಂದು ಹೊಂದಿಸಿ ಬರೆಯುವುದರಲ್ಲಿ ಗೆದ್ದವರು ಪಾಠಕ್ಕೆ ನಿಲ್ಲುತ್ತಾರೆ. ಒಂದು ಪುಟದಷ್ಟು ವಿಮರ್ಶೆ ಬರೆಯಬಲ್ಲರೇ ಎಂದು ಯಾರೂ ನೋಡಿರುವುದಿಲ್ಲ. ಈಗ ಇದಕ್ಕೆ ಕೃತಕ ಬುದ್ಧಿಮತ್ತೆಯೂ ಸೇರಿದೆ. ಗೈಡಿನಲ್ಲಿ ಸಿಗುತ್ತಿದ್ದ ಉತ್ತರ ಈಗ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಸಿಗುತ್ತದೆ. ಗೈಡಿನಿಂದ ಬರೆಯಬಹುದಾದ ಪ್ರಶ್ನೆಗಳನ್ನೇ ಕೇಳುತ್ತಾ ಹೋದರೆ ಇನ್ನು ಮುಂದೆ ನಾವು ಅಂಕ ಕೊಡುವುದು ಯಂತ್ರಕ್ಕೇ.

ಒಂದು ಕವಿತೆ, ಒಂದು ತರಗತಿ

ಹಾಗಾದರೆ ಹೇಗೆ ಕಲಿಸಬೇಕು? ನಮ್ಮ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ ಕವಿತೆಯನ್ನೇ ತೆಗೆದುಕೊಳ್ಳೋಣ. ರಾಬರ್ಟ್ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ 1842ರಲ್ಲಿ ಪ್ರಕಟವಾದದ್ದು, ಐವತ್ತಾರು ಸಾಲು. ಮಾಮೂಲಿ ಪಾಠದಲ್ಲಿ ಮೊದಲು ಬ್ರೌನಿಂಗ್‌ನ ಜೀವನ, ಆಮೇಲೆ ನಾಟಕೀಯ ಸ್ವಗತದ ಲಕ್ಷಣಗಳು, ಕೊನೆಗೆ ಸಾರಾಂಶ ಬರುತ್ತದೆ. ಅದನ್ನು ತಿರುಗಿಸಿ ನೋಡೋಣ. ಏನನ್ನೂ ಹೇಳದೆ ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿಸಿ, ಒಂದೇ ಪ್ರಶ್ನೆ ಕೇಳೋಣ: ಆ ಜಾಗದಲ್ಲಿ ಎಷ್ಟು ಜನ ಇದ್ದಾರೆ?

ಮೊದಲ ಉತ್ತರ ಸಾಮಾನ್ಯವಾಗಿ ‘ಒಬ್ಬ’. ಇನ್ನೊಮ್ಮೆ ನೋಡಿ ಎಂದಾಗ ಯಾರೋ ಒಬ್ಬರಿಗೆ ಹೊಳೆಯುತ್ತದೆ: ಮಾತಾಡುತ್ತಿರುವ ಡ್ಯೂಕ್ ಯಾರನ್ನೋ ಕೂತುಕೊಳ್ಳಲು ಹೇಳಿದ್ದಾನೆ, ಕೊನೆಯಲ್ಲಿ ಏಳಲು ಹೇಳುತ್ತಾನೆ. ಹಾಗಾದರೆ ಕೇಳುವವನೊಬ್ಬ ಇದ್ದಾನೆ, ಅವನು ಬಾಯಿ ಬಿಡುವುದಿಲ್ಲ. ಗೋಡೆಯ ಮೇಲೆ, ಡ್ಯೂಕ್ ಮಾತ್ರ ಸರಿಸಬಹುದಾದ ಪರದೆಯ ಹಿಂದೆ, ಸತ್ತ ಹೆಂಡತಿಯ ಚಿತ್ರವಿದೆ. ಮುಂದಿನ ಪ್ರಶ್ನೆ: ಆಕೆ ಮಾಡಿದ ತಪ್ಪೇನು? ಪಟ್ಟಿ ಮಾಡಿಸಿ. ಸೂರ್ಯಾಸ್ತ ನೋಡಿ ಸಂತೋಷಪಟ್ಟಳು. ತೋಟದಿಂದ ಯಾರೋ ತಂದುಕೊಟ್ಟ ಚೆರ್ರಿ ಹಣ್ಣಿನ ಕೊಂಬೆಗೆ ನಕ್ಕಳು. ಬಿಳಿ ಹೇಸರಗತ್ತೆಯ ಮೇಲೆ ಕೂತು ಸುತ್ತುವುದು ಅವಳಿಗೆ ಇಷ್ಟವಾಗಿತ್ತು. ಗಂಡನ ಒಂಬೈನೂರು ವರ್ಷದ ವಂಶದ ಹೆಸರಿಗೂ ಇವಕ್ಕೂ ಒಂದೇ ನಗೆ. ಕಪ್ಪುಹಲಗೆಯ ಮೇಲೆ ಈ ಪಟ್ಟಿ ಎದ್ದುನಿಂತಾಗ ತರಗತಿಯ ಹೆಣ್ಣುಮಕ್ಕಳಿಗೆ ಯಾವ ಸಿದ್ಧಾಂತದ ನೆರವೂ ಬೇಕಾಗುವುದಿಲ್ಲ. ಅವರು ಮಾತಾಡಲು ತೊಡಗುತ್ತಾರೆ.

ಆಮೇಲೆ ಬರುವುದು ಕೊನೆಯ ಭಾಗ. ಕೇಳುತ್ತಿರುವವನು ಹೊಸ ಸಂಬಂಧದ ಮಾತುಕತೆಗೆ ಹುಡುಗಿಯ ತಂದೆಯಾದ ಕೌಂಟ್‌ನ ಕಡೆಯಿಂದ ಬಂದವನು. ಡ್ಯೂಕ್ ವರದಕ್ಷಿಣೆಯ ವಿಷಯ ಎತ್ತುತ್ತಾನೆ, ಕೂಡಲೇ ತನಗೆ ಮುಖ್ಯ ಹುಡುಗಿಯೇ ಎಂದೂ ಸೇರಿಸುತ್ತಾನೆ. ‘ನಮಗೆ ಹುಡುಗಿ ಒಬ್ಬಳು ಸಾಕು, ಉಳಿದದ್ದು ನಿಮಗೆ ಬಿಟ್ಟದ್ದು’ ಎಂಬ ಮಾತಿನ ಭಾರ ನಮ್ಮೂರುಗಳ ಮಕ್ಕಳಿಗೆ ಬಿಡಿಸಿ ಹೇಳಬೇಕೇ? ಇಂಗ್ಲೆಂಡಿನ ಇಂದಿನ ವಿದ್ಯಾರ್ಥಿಗೆ ಅಡಿಟಿಪ್ಪಣಿ ಬೇಕಾಗುವ ಕಡೆ ರಾಯಚೂರಿನ ವಿದ್ಯಾರ್ಥಿನಿಗೆ ಅದರ ಅಗತ್ಯವಿಲ್ಲ.

ಇಲ್ಲಿಂದ ವಿಮರ್ಶೆಯ ಕಡೆ ಹೋಗುವುದು ಸುಲಭ. ಇಡೀ ಕವಿತೆ ದ್ವಿಪದಿಯಲ್ಲಿದೆ, ಆದರೂ ಓದುವಾಗ ಪ್ರಾಸ ಕಿವಿಗೆ ಬೀಳುವುದಿಲ್ಲ. ವಾಕ್ಯ ಸಾಲಿನ ತುದಿಯನ್ನು ದಾಟಿ ಹರಿಯುತ್ತದೆ. ಬಿಗಿಯಾದ ನಿಯಂತ್ರಣವನ್ನು ಸಹಜ ಮಾತಿನಂತೆ ಮರೆಮಾಡುವ ಈ ಕೌಶಲ ಡ್ಯೂಕ್‌ನ ಸ್ವಭಾವವೂ ಹೌದಲ್ಲವೇ ಎಂದು ಕೇಳಬಹುದು. ಆಕೆಗೆ ಏನಾಯಿತೆಂದು ಅವನು ಬಾಯಿಬಿಟ್ಟು ಹೇಳುವುದೇ ಇಲ್ಲ. ಅಪ್ಪಣೆ ಕೊಟ್ಟೆ, ನಗು ನಿಂತಿತು ಎಂಬಷ್ಟರಲ್ಲಿ ಮುಗಿಸುತ್ತಾನೆ. ಹೇಳದೆ ತೋರುವ ಈ ಅರ್ಥಕ್ಕೆ ಒಂಬತ್ತನೆಯ ಶತಮಾನದ ಆನಂದವರ್ಧನ ಇಡೀ ಒಂದು ಶಾಸ್ತ್ರ ಕಟ್ಟಿದ್ದಾನೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಪ್ರತಿ ಕಾಲೇಜು ಗ್ರಂಥಾಲಯದಲ್ಲೂ ಇರಬೇಕಾದ ಪುಸ್ತಕ. ಧ್ವನಿಯ ಅಧ್ಯಾಯವನ್ನು ಅಂದೇ ಸಂಜೆ ಓದಿಕೊಂಡು ಬನ್ನಿ ಎನ್ನಬಹುದು. ಮರುದಿನ ರಾಬರ್ಟ್ ಲ್ಯಾಂಗ್‌ಬಾಮ್ ಬರಲಿ. ‘ದಿ ಪೊಯಟ್ರಿ ಆಫ್ ಎಕ್ಸ್‌ಪೀರಿಯನ್ಸ್’ (1957) ಗ್ರಂಥದಲ್ಲಿ ಅವರು, ಇಂಥ ಕವಿತೆಯ ಓದುಗ ಸಹಾನುಭೂತಿ ಮತ್ತು ತೀರ್ಪು ಎರಡರ ನಡುವೆ ಸಿಕ್ಕಿಕೊಳ್ಳುತ್ತಾನೆ, ಡ್ಯೂಕ್‌ನ ಠೀವಿ ನಮ್ಮನ್ನು ಸೆಳೆಯುತ್ತದೆ ಎಂದು ವಾದಿಸುತ್ತಾರೆ. ನಿಮ್ಮನ್ನು ಸೆಳೆಯಿತೇ? ಇಲ್ಲ ಎನ್ನುವ ಹುಡುಗಿಗೆ ಲ್ಯಾಂಗ್‌ಬಾಮ್‌ನನ್ನು ನಿರಾಕರಿಸಲು ಪದ್ಯದಿಂದಲೇ ಆಧಾರ ತೋರಿಸಬೇಕಾಗುತ್ತದೆ. ಸ್ತ್ರೀವಾದಿ ವಿಮರ್ಶೆಯನ್ನು ಪರಿಚಯಿಸುವ ಹೊತ್ತು ಅದು. ಚಿತ್ರವಾಗಿ ಉಳಿದ ಹೆಣ್ಣಿಗೆ ಕವಿತೆಯಲ್ಲಿ ಮಾತು ಯಾಕಿಲ್ಲ ಎಂಬ ಪ್ರಶ್ನೆ ಅವಳದೇ ಆಗಿರುವಾಗ, ಅದನ್ನು ಮೊದಲೇ ಕೇಳಿದವರ ಪುಸ್ತಕ ಅವಳ ಕೈಗೆ ಸರಿಯಾದ ಸಮಯಕ್ಕೆ ಬರುತ್ತದೆ.

ಎರಡು ಭಾಷೆಯ ಓದುಗರು

ಈ ತರಗತಿ ಪೂರ್ತಿ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಹಟ ಬೇಡ. ಮೊದಲ ಸುತ್ತಿನ ಚರ್ಚೆ ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ ನಡೆಯಲಿ. ಆಲೋಚನೆ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲಿ. ಬೇಕೆಂದೇ ಕನ್ನಡ ಬಳಸುವುದಕ್ಕೂ, ಇಡೀ ಪದ್ಯವನ್ನು ಕನ್ನಡದಲ್ಲಿ ಸಾರಾಂಶ ಹೇಳಿ ಕೈತೊಳೆದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೆಲಸ ಮಾಡುವವರು ವಿದ್ಯಾರ್ಥಿಗಳು.

ಎರಡು ಭಾಷೆ ಬಲ್ಲವರಿಗೆ ಸಿಗುವ ಅನುಕೂಲಗಳು ಇನ್ನೂ ಇವೆ. ಸಾಫೊಕ್ಲಿಸ್‌ನನ್ನು ಇಂಗ್ಲಿಷ್ ಅನುವಾದದಲ್ಲಿ ಓದುವಾಗ ಪಕ್ಕದಲ್ಲಿ ಲಂಕೇಶರ ‘ದೊರೆ ಈಡಿಪಸ್’ ಇಡಬಹುದು. ‘ದಿ ಟೆಂಪೆಸ್ಟ್’ ಜೊತೆ ಕುವೆಂಪು ಅವರ ‘ಬಿರುಗಾಳಿ’ ಓದಿ, ಅವರು ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು ಎಂದು ಹುಡುಕಬಹುದು. ಅನುವಾದಕನ ಪ್ರತಿ ನಿರ್ಧಾರವೂ ಒಂದು ವ್ಯಾಖ್ಯಾನ. ಇಂಥ ಹೋಲಿಕೆ ಒಂದೇ ಭಾಷೆ ಬಲ್ಲ ಓದುಗರಿಗೆ ದಕ್ಕುವುದಿಲ್ಲ. ನಮ್ಮ ಮಕ್ಕಳ ಕನ್ನಡವನ್ನು ಇಂಗ್ಲಿಷ್ ವಿಭಾಗದ ಹೊಸ್ತಿಲಲ್ಲಿ ಬಿಡಿಸಿ ಒಳಗೆ ಕರೆಯುವುದು ಅವರ ಅರ್ಧ ಬಲವನ್ನು ಕಸಿದುಕೊಂಡಂತೆ.

ಆಗಬೇಕಾದದ್ದು

ತರಗತಿಯಲ್ಲಿ ಎಂಬತ್ತು ಮಕ್ಕಳು, ಸೆಮಿಸ್ಟರಿಗೆ ಮುಗಿಸಲೇಬೇಕಾದ ಘಟಕಗಳು, ಪಾಠದ ಬಹುಭಾಗವನ್ನು ಹೊತ್ತ ಅತಿಥಿ ಉಪನ್ಯಾಸಕರಿಗೆ ಉದ್ಯೋಗದ ಭದ್ರತೆಯೇ ಇಲ್ಲ. ಇದೆಲ್ಲ ಆಗುವ ಮಾತೇ ಎಂದು ಕೇಳುವವರ ಆಕ್ಷೇಪದಲ್ಲಿ ಸತ್ಯವಿದೆ. ಅತಿಥಿ ಉಪನ್ಯಾಸಕರ ಸ್ಥಿತಿ ಸುಧಾರಿಸದೆ ಯಾವ ಬೋಧನಾ ಕ್ರಮವೂ ನಿಲ್ಲುವುದಿಲ್ಲ, ಅದು ಸರ್ಕಾರದ ಹೊಣೆ. ಆದರೆ ಸರ್ಕಾರಕ್ಕೆ ಕಾಯದೆ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳೇ ಮಾಡಬಹುದಾದ ಕೆಲಸಗಳಿವೆ. ಹನ್ನೆರಡು ಕವಿತೆಗಳ ಬದಲು ಐದು ಇಡಿ, ಅವುಗಳ ಮೇಲೆ ನಿಲ್ಲಲು ಸಮಯ ಕೊಡಿ. ವಿಮರ್ಶೆಯ ಪತ್ರಿಕೆಯನ್ನು ಕೃತಿಗಳ ಪತ್ರಿಕೆಯಿಂದ ಬೇರ್ಪಡಿಸಬೇಡಿ. ಪ್ರತಿ ಸಿದ್ಧಾಂತದ ಜೊತೆ ಒಂದು ಕಥೆಯೋ ಕವಿತೆಯೋ ಕಡ್ಡಾಯವಾಗಿ ಇರಲಿ. ಇಂಟರ್ನಲ್ ಅಂಕಗಳಿಗೆ ಮನೆಯಿಂದ ಬರೆದು ತಂದ ಅಸೈನ್‌ಮೆಂಟಿನ ಬದಲು ತರಗತಿಯಲ್ಲೇ ಕೂತು ಬರೆದ ಒಂದು ಪುಟ ಮತ್ತು ಅದರ ಮೇಲೆ ಐದು ನಿಮಿಷದ ಮಾತುಕತೆ ಇರಲಿ. ಮೊಬೈಲಿನ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದು. ಪ್ರತಿ ಸಾಹಿತ್ಯ ಪತ್ರಿಕೆಯಲ್ಲೂ ಹಿಂದೆಂದೂ ಪಾಠವಾಗಿರದ, ಲೇಖಕರ ಹೆಸರಿಲ್ಲದ ಒಂದು ಪದ್ಯ ಅಥವಾ ಗದ್ಯಭಾಗ ಇರಲಿ. ಅದಕ್ಕೆ ಕನಿಷ್ಠ ಕಾಲುಭಾಗದಷ್ಟು ಅಂಕ ಇರಲಿ. ಇಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದಾರೆ, ಯಾಕೆ, ಏನನ್ನು ಹೇಳದೆ ಬಿಟ್ಟಿದ್ದಾರೆ, ನಿಮ್ಮ ಮಾತಿಗೆ ಆಧಾರವೇನು ಎಂದು ಕೇಳಲಿ. ಪರೀಕ್ಷೆಯಲ್ಲಿ ಬರುತ್ತದೆಂದು ಗೊತ್ತಾದರೆ ಮೇಷ್ಟರು ಅದನ್ನು ಕಲಿಸಲೇಬೇಕಾಗುತ್ತದೆ, ಮಕ್ಕಳು ಅಭ್ಯಾಸ ಮಾಡಲೇಬೇಕಾಗುತ್ತದೆ. ಅಷ್ಟಾದರೆ ಅರಿಸ್ಟಾಟಲನಿಂದ ಸ್ಪಿವಾಕ್ ತನಕ ಉಳಿದವರೆಲ್ಲ, ಓದಲು ಬಲ್ಲ ಹುಡುಗ ಹುಡುಗಿಯರಿಗೆ ಜೊತೆಗಾರರಾಗಿ ಸಿಗುತ್ತಾರೆ. ಇದಕ್ಕೆ ಹೊಸ ನೀತಿ, ಹೊಸ ಅನುದಾನ ಯಾವುದೂ ಬೇಕಿಲ್ಲ. ಮುಂದಿನ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯಿಂದಲೇ ಶುರು ಮಾಡಬಹುದು.